ಉತ್ತರ ಬರೆಯುವ ವಿದ್ಯೆ

ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ಅವರ ಬಳಿಗೆ ಬರುವವರೆಲ್ಲರೂ ನಿರಕ್ಷರಿಗಳಲ್ಲ. ಏಳೆಂಟು ತರಗತಿಗಳನ್ನು ದಾಟಿ ಪತ್ರಿಕೆಯನ್ನು ಸರಾಗವಾಗಿ ಓದಬಲ್ಲವರೂ ಅವರಲ್ಲಿರುವರು. ತಮಗೆ ಬೇಕಾದುದೇನು, ಅದಕ್ಕೆ ಆಧಾರವೇನು, ಅದು ನ್ಯಾಯವೇಕೆ ಎಂಬ ಮೂರು ಮಾತುಗಳನ್ನು ಕ್ರಮವಾಗಿ ಬರೆಯಲಾರದೆ ಅವರು ಪರರ ಲೇಖನಿಯನ್ನು ಆಶ್ರಯಿಸುವರು. ಸ್ವರಾಜ್ಯವು ಬಂದು ಮುಕ್ಕಾಲು ಶತಮಾನವು ಕಳೆದ ಮೇಲೂ ಪ್ರಜೆಯು ತನ್ನ ಅಹವಾಲನ್ನು ತಾನೇ ಬರೆಯಲಾರನೆಂದರೆ, ಆ ಕೊರತೆಯ ಬೇರನ್ನು ಶಾಲೆಯಲ್ಲಿಯೇ ಹುಡುಕಬೇಕಾಗಿದೆ.

ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಬಹುಮಟ್ಟಿಗೆ ರೂಢಿಯಾಗಿರುವುದು ಎರಡೇ ಬಗೆಯ ಉತ್ತರ: ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದು, ಇಲ್ಲವೆ ಗೈಡಿನ ವಾಕ್ಯವನ್ನು ಉರುಹೊಡೆದು ಇಳಿಸುವುದು. ಎಂಟನೆಯ ತರಗತಿಯವರು ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯೂ ಗುರುತು ಹಾಕುವಂಥದೇ. 2021ರ ಜುಲೈನಲ್ಲಿ ಕೊರೋನಾ ನಿಮಿತ್ತವಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ ಎರಡು ದಿನಗಳಲ್ಲಿ ಓ.ಎಂ.ಆರ್. ಹಾಳೆಯ ಮೇಲೆ ಮುಗಿಸಬೇಕಾಯಿತು. ಅದು ಆಪತ್ಕಾಲದ ಧರ್ಮ. ಅದನ್ನು ನಾವು ದೂಷಿಸುವುದಿಲ್ಲ. ಆದರೆ ಆಪದ್ಧರ್ಮವೇ ನಿತ್ಯಧರ್ಮವಾಗಬಾರದು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗೆಯಿಂದ ಬಂದ ಚನ್ನಗಿರಿ, ಹೊನ್ನಾಳಿಗಳೂ, ಚಿತ್ರದುರ್ಗದಿಂದ ಬಂದ ಜಗಳೂರೂ, ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯೂ ನೆಲಜಲಗಳಲ್ಲಿ ಒಂದೇ ತೆರನಲ್ಲ. ಈ ಭೇದವೇ ಉತ್ತಮವಾದ ಪಾಠವಾಗಬಲ್ಲುದು. ‘ಚನ್ನಗಿರಿಯ ರೈತನು ಅಡಿಕೆಯನ್ನೂ ಜಗಳೂರಿನ ರೈತನು ಮೆಕ್ಕೆಜೋಳವನ್ನೂ ಬೆಳೆಯುವುದೇಕೆ?’ ಎಂದು ಉಪಾಧ್ಯಾಯರು ಕೇಳಲಿ. ‘ನೀರಿನ ಅನುಕೂಲವು ಬೇರೆಯಾಗಿರುವುದರಿಂದ’ ಎಂಬುದು ಉತ್ತರ. ಒಂದು ಕಡೆ ಭದ್ರೆಯ ನಾಲೆ, ಸೂಳೆಕೆರೆಗಳು ಇರುವುದು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಬೆದ್ದಲು ಭೂಮಿಯೇ ಹೆಚ್ಚಾಗಿರುವುದು ಆಧಾರ. ಅಡಿಕೆಯ ಮರಕ್ಕೆ ಬೇಸಗೆಯಲ್ಲಿಯೂ ನೀರು ಬೇಕು, ಮೆಕ್ಕೆಜೋಳವು ಮಳೆಗಾಲದ ಕೆಲವೇ ತಿಂಗಳಲ್ಲಿ ಕೈಗೆ ಬರುವುದು ಎಂಬುದು ಉತ್ತರವನ್ನೂ ಆಧಾರವನ್ನೂ ಬೆಸೆಯುವ ವಿವರಣೆ. ಬಹುಮಂದಿ ಮಕ್ಕಳು ಮೊದಲನೆಯದನ್ನು ಬರೆದು ನಿಲ್ಲಿಸುವರು. ಮೂರನೆಯದನ್ನು ಬರೆಯಿಸುವುದೇ ಗುರುವಿನ ಕೆಲಸ.

ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಮೊದಲು ತರಗತಿಯೆಲ್ಲ ಕೂಡಿ ಕರಿಹಲಗೆಯ ಮೇಲೆ ಒಂದು ಉತ್ತರವನ್ನು ಕಟ್ಟಲಿ. ಮರುವಾರ ಅರ್ಧ ಬರೆದುದನ್ನು ಮಕ್ಕಳು ಪೂರೈಸಲಿ. ಮೂರನೆಯ ವಾರ ಒಬ್ಬೊಬ್ಬರೇ ಬರೆಯಲಿ. ನಾಲ್ಕು ಅಂಕಗಳಿದ್ದರೆ ಉತ್ತರಕ್ಕೆ ಒಂದು, ಆಧಾರಕ್ಕೆ ಎರಡು, ವಿವರಣೆಗೆ ಒಂದು ಎಂದು ಮೊದಲೇ ತಿಳಿಸಲಿ. ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿ ಸುರಿಯದೆ, ಮುಖ್ಯವಾದ ಒಂದೇ ದೋಷವನ್ನು ತೋರಿಸಿ ಮತ್ತೊಮ್ಮೆ ಬರೆಯಿಸಲಿ.

ಸಂತ ಸೇವಾಲಾಲರ ಸೂರಗೊಂಡನಕೊಪ್ಪವಿರುವ ನ್ಯಾಮತಿಯ ಸೀಮೆಯಲ್ಲಿ ಲಂಬಾಣಿಯನ್ನು ಮನೆಮಾತಾಗಿ ಉಳ್ಳ ಮಕ್ಕಳೂ ಇದ್ದಾರೆ. ಅಂಥವರು ಮೊದಲು ತಮ್ಮ ಮಾತಿನಲ್ಲಿ ಉತ್ತರವನ್ನು ಹೇಳಿ, ಬಳಿಕ ಕನ್ನಡದಲ್ಲಿ ಬರೆಯುವುದು ಲೇಸು. ಬಾಯಲ್ಲಿ ಮೂಡದ ವಿಚಾರವು ಲೇಖನಿಯಲ್ಲಿ ಮೂಡುವುದು ಕಷ್ಟ.

ಉಪಾಧ್ಯಾಯರಿಗೆ ಈಗಿರುವ ಕೆಲಸವೇ ಹೊರೆಯಾಗಿದೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಆದುದರಿಂದಲೇ ನಾವು ಕೇಳುವುದು ವಾರಕ್ಕೊಂದು ಪ್ರಶ್ನೆಯನ್ನು ಮಾತ್ರ. ಶಾಲೆಗೆ ಭೇಟಿಯೀಯುವ ಅಧಿಕಾರಿಗಳು ದಾಖಲೆಯ ಪುಸ್ತಕಗಳನ್ನು ನೋಡುವುದರ ಜೊತೆಗೆ, ಮಗುವು ಸ್ವಂತ ಮಾತಿನಲ್ಲಿ ಬರೆದ ಒಂದು ಉತ್ತರವನ್ನೂ ಕೇಳಿ ಓದಲಿ. ಇಂದು ನಾಲ್ಕು ಸಾಲಿನಲ್ಲಿ ಕಾರಣ ಕೊಟ್ಟು ಬರೆಯಬಲ್ಲ ಮಗುವು ನಾಳೆ ತಾಲ್ಲೂಕು ಕಚೇರಿಯ ಮುಂದೆ ಪರರ ಕೈಕಾಯದು.