ಮೊದಲು ಟಾರ್ಚು, ಆಮೇಲೆ ಟೋಕನ್ನು

ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಕಡೆಯ ನನ್ನ ವಯಸ್ಸಿನವರಲ್ಲಿ ಹೆಚ್ಚಿನವರದು ಒಂದೇ ದಿನಚರಿ. ಬೆಳಗಿನ ರೈಲು, ಬಂಗಾರಪೇಟೆ, ಅಲ್ಲಿಂದ ಬೆಂಗಳೂರು, ರಾತ್ರಿ ವಾಪಸ್. ನಮ್ಮ ಹಿರಿಯರಿಗೆ ಕೆಲಸ ಕಾಲಡಿಯ ಗಣಿಯಲ್ಲೇ ಇತ್ತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿನ ಉದ್ಯೋಗವೆಲ್ಲ ರೈಲು ಹತ್ತಿತು. ಬಿ.ಕಾಂ ಮುಗಿಸಿ ನಾನೂ ಎರಡು ವರ್ಷ ವೈಟ್‌ಫೀಲ್ಡ್‌ಗೆ ಓಡಾಡಿದೆ. ಸಂಬಳ 16 ಸಾವಿರ, ದಿನಕ್ಕೆ ಐದು ಗಂಟೆ ದಾರಿಯಲ್ಲೇ.

ಕಾಮಸಮುದ್ರದ ಹತ್ತಿರ ಟೊಮೆಟೊ ಬೆಳೆಯುವ ನನ್ನ ಸೋದರಮಾವ ಒಂದು ದಿನ ಹೇಳಿದರು: ‘ಮಳೆ ಬಿದ್ದರೆ ಬಾಡಿಗೆ ಪಿಕಪ್‌ನೋರು ತೋಟಕ್ಕೆ ಇಳಿಯೋದಿಲ್ಲ ಕಣೋ. ಬಾಕ್ಸ್‌ಗಳನ್ನ ರೋಡ್‌ತನಕ ಹೊತ್ತು ತರಬೇಕು. ನೀನೊಂದು ಫೋರ್‌ವೀಲ್ ಗಾಡಿ ತಗೊಂಡರೆ ನನ್ನ ಬಾಡಿಗೆ ನಿನಗೇ, ಅಕ್ಕಪಕ್ಕದ ನಾಲ್ಕು ತೋಟದ್ದೂ ಕೊಡಿಸ್ತೀನಿ.’

ಹೊಸ ಪಿಕಪ್ ನಮ್ಮ ಕೈಗೆ ಎಟುಕುವ ಮಾತಲ್ಲ. ನನ್ನ ಹತ್ತಿರ ಇದ್ದದ್ದು 80 ಸಾವಿರ. ಅಮ್ಮ ಚೀಟಿ ಎತ್ತಿದ 2 ಲಕ್ಷ ಮನೆಯಲ್ಲಿತ್ತು. ಅದರಲ್ಲಿ 60 ಸಾವಿರ ತಂಗಿಯ ನರ್ಸಿಂಗ್ ಫೀಸಿಗೆ ಎತ್ತಿಟ್ಟದ್ದು, ಅಕ್ಟೋಬರ್ ಕೊನೆಗೆ ಕಟ್ಟಬೇಕು. ‘ಅಷ್ಟರಲ್ಲಿ ವಾಪಸ್ ಇಡ್ತೀಯಾ ಅಂದ್ರೆ ತಗೋ’ ಎಂದರು ಅಮ್ಮ. ಹಾಗಾಗಿ ಹಳೇ ಗಾಡಿಯೇ ಗತಿ. ಹಳೇ ಗಾಡಿ ಎಂದರೆ ಹಣ ಹಾಕುವ ಮೊದಲು ತಿಂಗಳುಗಟ್ಟಲೆ ನೋಡಬೇಕು, ತಡಕಬೇಕು, ಕೇಳಬೇಕು. ಆ ಒಂದೂವರೆ ತಿಂಗಳಲ್ಲಿ ಕಲಿತದ್ದನ್ನು ನನ್ನಂತೆ ಸೆಕೆಂಡ್‌ಹ್ಯಾಂಡ್ ಗಾಡಿ ನಂಬಿ ಬದುಕು ಕಟ್ಟಲು ಹೊರಟವರಿಗಾಗಿ ಬರೆಯುತ್ತಿದ್ದೇನೆ.

ನಾಲ್ಕೂ ಚಕ್ರ ಬೇಕೇ?

ಮೊದಲ ಪ್ರಶ್ನೆ ಗಾಡಿಗಲ್ಲ, ನಮಗೆ. ಸಾಮಾನ್ಯ ಪಿಕಪ್‌ನಲ್ಲಿ ಎಂಜಿನ್ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಫೋರ್‌ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಲಿವರ್ ಎಳೆದರೆ ಮುಂದಿನ ಚಕ್ರಗಳಿಗೂ ಬಲ ಹರಿಯುತ್ತದೆ. ಲೋ ಗೇರಿಗೆ ಹಾಕಿದರೆ ವೇಗ ಕುಗ್ಗಿ ಎಳೆಯುವ ಶಕ್ತಿ ಎರಡು ಪಟ್ಟಿಗೂ ಹೆಚ್ಚುತ್ತದೆ. ಕೆಸರು, ಕೆರೆ ಅಂಗಳ, ಏರುದಾರಿಗೆ ಇದು ವರ. ಟಾರು ರಸ್ತೆಯಲ್ಲಿ ಮಾತ್ರ ಹೊರೆ: ತೂಕ ಜಾಸ್ತಿ, ಡೀಸೆಲ್ ಜಾಸ್ತಿ, ಸವೆಯುವ ಭಾಗಗಳೂ ಜಾಸ್ತಿ.

ಕೋಲಾರ ಮಳೆ ಕಡಿಮೆಯ ಜಿಲ್ಲೆ. ವರ್ಷದ ಹೆಚ್ಚಿನ ದಿನ ನಮಗೆ ಫೋರ್‌ವೀಲ್ ಬೇಕಿಲ್ಲ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಮ್ಮಣ್ಣಿನ ತೋಟಕ್ಕೆ ಇಳಿಯಬಲ್ಲ ಗಾಡಿಗೇ ಬಾಡಿಗೆ. ಬೇಸಿಗೆಯಲ್ಲಿ ಹೊಲಕ್ಕೆ ಕೆರೆಗೋಡು ಹೊಡೆಯುವ ಕೆಲಸವೂ ಸಿಗುತ್ತದೆ. ನನ್ನ ಲೆಕ್ಕಕ್ಕೆ ಉತ್ತರ ‘ಬೇಕು’ ಎಂದು ಬಂತು. ನಿಮ್ಮ ಬಾಡಿಗೆಯೆಲ್ಲ ಪೇಟೆಯೊಳಗೇ ಇದ್ದರೆ ‘ಬೇಡ’ ಎಂದೇ ಬರುತ್ತದೆ. ಲುಕ್ಕಿಗಾಗಿ ಫೋರ್‌ವೀಲ್ ತಗೊಳ್ಳಬೇಡಿ.

ಆರ್‌ಸಿ ಓದಲು ಬರಬೇಕು

ಬಂಗಾರಪೇಟೆಯಲ್ಲಿ ನೋಡಿದ ಮೊದಲ ಗಾಡಿಗೆ ಹೊಸ ಪೇಂಟು, ಎತ್ತರದ ಟೈರು. ಮಾರುವವರು ಮಾತಿಗೊಮ್ಮೆ ‘ವಿಂಟೇಜ್ ಪೀಸ್ ಸಾರ್’ ಎನ್ನುತ್ತಿದ್ದರು. ಈ ಪದಕ್ಕೆ ಕಾನೂನಿನಲ್ಲಿ ಅರ್ಥವಿದೆ. 2021ರಲ್ಲಿ ತಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನ ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದರೆ ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ, ದಿನನಿತ್ಯದ ಬಳಕೆಗೂ ಇಲ್ಲ. 1992ರ ಗಾಡಿ ಬರೀ ಹಳೇ ಗಾಡಿ. ‘ವಿಂಟೇಜ್’ ಎಂದೊಡನೆ ಏರುವುದು ಬೆಲೆ ಒಂದೇ.

ಆರ್‌ಸಿ ತೆರೆದು ನೋಡಿದರೆ ಬಾಡಿ ಜಾಗದಲ್ಲಿ ‘ಜೀಪ್’ ಎಂದಿತ್ತು, ಎದುರಿಗೆ ನಿಂತಿದ್ದದ್ದು ಪಿಕಪ್. ಹಿಂಭಾಗ ಕತ್ತರಿಸಿ ತೊಟ್ಟಿ ಕೂರಿಸಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತಪಡಿಸಿದೆ. ಇಂಥ ಗಾಡಿಗೆ ಎಫ್‌ಸಿ ಸಿಗುವುದು ಕಷ್ಟ, ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಲು ಇಷ್ಟೇ ಸಾಕು.

ನೋಡಬೇಕಾದ್ದು ಇವು: ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲೆ ಉಜ್ಜಿ ಓದಿ, ಆರ್‌ಸಿಯ ಜೊತೆ ಅಂಕಿ ಅಂಕಿ ತಾಳೆ ನೋಡಿ. ಇಂಧನ ಯಾವುದು, ಬಿಳಿ ಬೋರ್ಡೋ ಹಳದಿ ಬೋರ್ಡೋ, ಸಾಲ ತೀರಿದೆಯೋ, ಎಫ್‌ಸಿ, ವಿಮೆ, ತೆರಿಗೆ ಎಲ್ಲಿಯವರೆಗೆ ಎಂದು ಕೇಳಿ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿವರ್ಷ ಎಫ್‌ಸಿ ಬೇಕು. ನಮ್ಮದು ಗಡಿ ಊರು, ತಮಿಳುನಾಡು, ಆಂಧ್ರದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅವಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ‘ಕಡಿಮೆ ರೇಟು’ ಎನ್ನುವುದರ ಗುಟ್ಟು ಬಹಳ ಸಲ ಇದೇ. ಸರ್ಕಾರಿ ಇಲಾಖೆಯ ಹಳೇ ಜೀಪು ಎಂದರೆ ಇನ್ನೂ ಎಚ್ಚರ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಅವು ಗುಜರಿಗೇ ಹೋಗಬೇಕು.

ಕೆಲಸ ಹುಡುಕುವವರಿಗೆ ಎರಡು ಸಮಾಧಾನದ ಸಂಗತಿಯೂ ಇವೆ. ಲೋಡು ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದರೆ 7,500 ಕೆ.ಜಿ.ವರೆಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಎತ್ತಿಹಿಡಿದಿದೆ.

ಕೆಳಗೆ ಮಲಗಿ ನೋಡು

ಗಾಡಿ ನೋಡಲು ನನ್ನ ಜೊತೆ ಬಂದವರು ದೊಡ್ಡಪ್ಪ. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಚಾಂಪಿಯನ್ ರೀಫ್‌ನಲ್ಲಿ ಗಣಿಯ ಆಳ ಮೂರು ಕಿಲೋಮೀಟರ್ ಮೀರಿತ್ತು. ಅಂಥ ಕಡೆ ಕೆಲಸ ಮಾಡಿದವರಿಗೆ ‘ನೋಡೋಣ ಬಿಡಿ’ ಎನ್ನುವ ಮಾತೇ ಬರುವುದಿಲ್ಲ. ‘ಹಗ್ಗ ನೋಡದೆ ಕೇಜ್ ಇಳಿಸಬಾರದು’ ಎನ್ನುವುದು ಅವರ ಮಾತು. ಅವರ ಕೈಚೀಲದಲ್ಲಿದ್ದದ್ದು ಟಾರ್ಚು, ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ, ಹಳೇ ಬಟ್ಟೆ, ಹಾಸಲು ಗೋಣಿಚೀಲ.

ಅಯಸ್ಕಾಂತ ಬಾಗಿಲು, ಮಡ್‌ಗಾರ್ಡ್ ಮೇಲೆ ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಬಾಡಿ ಕೊಳೆತರೆ ಬೆಸುಗೆ ಹಾಕಿಸಬಹುದು. ಚಾಸಿ ಕೊಳೆತರೆ ಗಾಡಿಯೇ ಮುಗಿಯಿತು. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಡಕೆ ಒಡೆದ ಹಾಗೆ. ಲೀಫ್ ಸ್ಪ್ರಿಂಗ್ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಮಾಡಿದ ಜಾಗ, ತೊಟ್ಟಿ ಕೂರುವ ಜಾಗಗಳಲ್ಲಿ ಬಿರುಕು, ಹೊಸ ವೆಲ್ಡಿಂಗ್ ಇದೆಯೇ ನೋಡಿ. ಮೂವತ್ತು ವರ್ಷದ ಗಾಡಿಯ ತಳಕ್ಕೆ ಮೊನ್ನೆ ಮೊನ್ನೆ ಕಪ್ಪು ಪೇಂಟ್ ಬಳಿದಿದ್ದರೆ ಏನನ್ನೋ ಮುಚ್ಚಿದ್ದಾರೆ ಎಂದೇ ಅನುಮಾನಿಸಿ.

ಬಂಗಾರಪೇಟೆಯ ಆ ಗಾಡಿಯ ಕೆಳಗಿಂದ ದೊಡ್ಡಪ್ಪ ನಗುತ್ತ ಎದ್ದರು. ‘ಒಳಗೆ ಲಿವರ್ ಇದೆ, ಕೆಳಗೆ ಶಾಫ್ಟ್ ಇಲ್ಲ!’ ಮುಂದಿನ ಆ್ಯಕ್ಸಲ್‌ಗೆ ಬಲ ಕೊಂಡೊಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿದ್ದರು. ಮೈಲೇಜ್ ಸಿಗಲಿ ಎಂದು ಹಳೇ ಜೀಪುಗಳಲ್ಲಿ ಹೀಗೆ ಕಳಚುವವರು ಇದ್ದಾರೆ. ಫೋರ್‌ವೀಲ್ ಬೆಲೆಗೆ ಟೂವೀಲ್ ಗಾಡಿ. ನಮಸ್ಕಾರ ಹೇಳಿ ಹೊರಟೆವು.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ

ಎರಡನೆಯ ಗಾಡಿ ಸಿಕ್ಕಿದ್ದು ಬೂದಿಕೋಟೆ ಕಡೆಯ ರೈತರೊಬ್ಬರ ಬಳಿ. ಮಹೀಂದ್ರಾದ ಡೀಸೆಲ್ ಪಿಕಪ್, ಆರ್‌ಸಿಯಲ್ಲೂ ಗೂಡ್ಸ್ ಎಂದೇ ಇತ್ತು. ಮಹೀಂದ್ರಾದವರು 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪಿನ ಭಾಗ ತರಿಸಿ ಜೋಡಿಸಲು ಶುರುಮಾಡಿದವರು. ಮುಂದೆ ಫ್ರಾನ್ಸಿನ ಪೂಜೋ ಡೀಸೆಲ್ ಎಂಜಿನ್ ಬಂತು. ನಾವು ನೋಡಿದ್ದು ಇದೇ ವಂಶದ್ದು: ಮೂಳೆ ಅಮೆರಿಕದ್ದು, ಗುಂಡಿಗೆ ಫ್ರಾನ್ಸಿನದು. ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ.

‘ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆವು. ಹೋದೊಡನೆ ದೊಡ್ಡಪ್ಪ ಬಾನೆಟ್ ಮುಟ್ಟಿ ನೋಡಿದರು, ತಣ್ಣಗಿತ್ತು. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ತಣ್ಣಗಿನ ಎಂಜಿನ್‌ಗೆ ಅದು ಆಗದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಎಡೆಬಿಡದೆ ಬಂದರೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್ ನೋಡಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆರೆಯಿರಿ. ಬುಸ್ ಬುಸ್ ಎಂದು ಹೊಗೆ ಹೊಮ್ಮಿದರೆ ಪಿಸ್ಟನ್, ರಿಂಗ್ ಸವೆದಿವೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಆ್ಯಕ್ಸಲ್‌ಗಳ ಆಯಿಲ್ ಬೆರಳಲ್ಲಿ ಮುಟ್ಟಿ ನೋಡಿ. ಮಜ್ಜಿಗೆ ಬಣ್ಣವಾದರೆ ನೀರು ಸೇರಿದೆ, ಬೆಳ್ಳಿಯಂತೆ ಮಿನುಗಿದರೆ ಒಳಗಿನ ಹಲ್ಲು ಸವೆಯುತ್ತಿವೆ.

ಫೋರ್‌ವೀಲ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ದೊಡ್ಡಪ್ಪ ಮಾಡಿದ ಪರೀಕ್ಷೆ ಇದು. ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಒಂದು ಚಕ್ರವನ್ನಷ್ಟೇ ಜಾಕ್ ಹಾಕಿ ಎತ್ತಿದರು. ಮುಂದಿನ ಹಬ್‌ಗೆ ಲಾಕ್ ಇದ್ದರೆ ಅದನ್ನೂ ಹಾಕಿರಬೇಕು. ಟೂವೀಲ್‌ನಲ್ಲಿ ಚಕ್ರ ಕೈಯಲ್ಲಿ ತಿರುಗಿತು, ಕೆಳಗೆ ಶಾಫ್ಟೂ ತಿರುಗಿತು. ಫೋರ್‌ವೀಲ್‌ಗೆ ಹಾಕಿ ತಿರುಗಿಸಲು ನೋಡಿದರೆ ಚಕ್ರ ಬಿಗಿಯಾಗಿ ನಿಂತಿತು. ಅಂದರೆ ಮುಂದಿನ ಚಕ್ರದಿಂದ ಹಿಂದಿನ ಆ್ಯಕ್ಸಲ್‌ವರೆಗೆ ಸರಪಳಿ ಎಲ್ಲೂ ತುಂಡಾಗಿಲ್ಲ. ಆಗಲೂ ಚಕ್ರ ಸಲೀಸಾಗಿ ತಿರುಗಿದ್ದರೆ ಒಳಗೆಲ್ಲೋ ಮುರಿದಿದೆ ಎಂದರ್ಥ. ನೆನಪಿಡಿ, ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಶಾಫ್ಟನ್ನು ಪಕ್ಕದಲ್ಲಿ ಕೂತು ಟಾರ್ಚಿನಲ್ಲಿ ನೋಡಿದರೆ ಸಾಕು.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಎಂದಿತು. ಕಿಂಗ್‌ಪಿನ್ ಬೇರಿಂಗ್ ಸವೆದಿದ್ದವು, ಗ್ರೀಸ್ ಹೊರಗೆ ಸೋರಿತ್ತು. ಟೈರುಗಳು ಎರಡು ಅಳತೆಯವು. ಇದು ಸಣ್ಣ ವಿಷಯವಲ್ಲ. ಫೋರ್‌ವೀಲ್‌ಗೆ ಹಾಕಿದಾಗ ಮುಂದಿನ, ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗಬೇಕು. ಅಳತೆ ಬೇರೆಯಾದರೆ ಗೇರುಗಳು ಒಂದನ್ನೊಂದು ಜಗ್ಗಿ ಸವೆಯುತ್ತವೆ. ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ.

ಕೊನೆಗೆ ಕೆಸರು ಗದ್ದೆಯ ಅಂಚಿನಲ್ಲಿ ಓಡಿಸಿದೆವು. ಲೋ ಗೇರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟಾಗಲೂ ಲಿವರ್ ಹಾರಿ ಹೊರಬರಲಿಲ್ಲ. ಅದು ಒಳ್ಳೆಯ ಲಕ್ಷಣ.

ಕಾಗದದ ಮೇಲೆ ಓಡಿಸಿ ನೋಡಿ

ಕೇಳಿದ ಬೆಲೆ 2.40 ಲಕ್ಷ. ಅಲ್ಲೇ ಒಪ್ಪದೆ ಮನೆಗೆ ಬಂದು ಗ್ಯಾರೇಜಿನಲ್ಲಿ ವಿಚಾರಿಸಿ ಪಟ್ಟಿ ಬರೆದೆ. ನಾಲ್ಕು ಟೈರು 28 ಸಾವಿರ, ಕಿಂಗ್‌ಪಿನ್ ಕೆಲಸ 11, ಬ್ರೇಕ್ 9, ರೇಡಿಯೇಟರ್ 4, ಶಾಫ್ಟಿನ ಕ್ರಾಸ್ ಜಾಯಿಂಟ್ 3. ಒಟ್ಟು 55 ಸಾವಿರ. ಎಫ್‌ಸಿ, ವಿಮೆ, ವರ್ಗಾವಣೆಗೆ 30 ಸಾವಿರ. ಹಳೇ ಗಾಡಿಯ ಬೆಲೆ ಎಂದರೆ ಕೇಳಿದ ಬೆಲೆಗೆ ಈ ಪಟ್ಟಿ ಸೇರಿಸಿದ್ದು: 3.25 ಲಕ್ಷ. ನಮ್ಮಲ್ಲಿದ್ದದ್ದು 2.80.

ಆ ಪಟ್ಟಿಯನ್ನೇ ಹಿಡಿದು ಮತ್ತೆ ಹೋದೆವು. ಗಾಡಿಯನ್ನು ಹೀಯಾಳಿಸಲಿಲ್ಲ. ಒಂದೊಂದು ಭಾಗವನ್ನೂ ತೋರಿಸಿ ಖರ್ಚು ಹೇಳಿದೆವು. ರೈತರೂ ನ್ಯಾಯವಂತರು. ‘ಇದ್ದದ್ದನ್ನೇ ಹೇಳ್ತಿದೀರಿ’ ಎಂದು 1.85ಕ್ಕೆ ಇಳಿದರು. ಟೋಕನ್ ಹತ್ತು ಸಾವಿರ, ಫಾರಂ 29 ಮತ್ತು 30ಕ್ಕೆ ಸಹಿಯಾದ ದಿನ ಬಾಕಿ ಹಣ ಎಂದು ಬರೆದುಕೊಂಡೆವು. ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹಳೇ ಮಾಲೀಕರ ಮೇಲೇ ಬೀಳುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಹೇಳಿದ ಮೇಲೆ ಸಹಿಗೆ ನಮಗಿಂತ ಅವರಿಗೇ ಅವಸರವಾಯಿತು.

ಗಾಡಿ ಈಗ ಗ್ಯಾರೇಜಿನಲ್ಲಿದೆ. ಜೂನ್ ಮೊದಲ ವಾರ ಕೈಗೆ ಬರುತ್ತದೆ. 15 ಕೆ.ಜಿ.ಯ 50 ಬಾಕ್ಸ್ ಟೊಮೆಟೊವನ್ನು ಕಾಮಸಮುದ್ರದಿಂದ ಕೋಲಾರ ಎಪಿಎಂಸಿಗೆ ಹಾಕಿದರೆ, ಬಾಕ್ಸಿಗೆ 35ರಂತೆ 1,750 ರೂಪಾಯಿ. ಹೋಗಿಬರುವ 80 ಕಿ.ಮೀ.ಗೆ ಡೀಸೆಲ್ 720. ಟೈರು, ಆಯಿಲ್, ಮುಂದಿನ ವರ್ಷದ ಎಫ್‌ಸಿಗೆ 330 ಎತ್ತಿಟ್ಟರೆ ಉಳಿಯುವುದು 700. ತಿಂಗಳಿಗೆ 20 ಲೋಡು ಸಿಕ್ಕರೆ 14 ಸಾವಿರ. ನನ್ನ ಹಳೇ ಸಂಬಳಕ್ಕಿಂತ ಕಡಿಮೆಯೇ. ಬೇಸಿಗೆಯ ಕೆರೆಗೋಡಿನ ಕೆಲಸ ಸೇರಿದರೆ ಮಾತ್ರ ಸರಿದೂಗುತ್ತದೆ. ಇದು ಗೊತ್ತಿದ್ದೇ ಇಳಿದಿದ್ದೇನೆ.

ತಂಗಿಯ 60 ಸಾವಿರ ಎಂದರೆ 86 ಲೋಡು. ಅಕ್ಟೋಬರ್ ಕೊನೆಯೊಳಗೆ ಸಿಗಬಹುದಾದದ್ದು ಹೆಚ್ಚೆಂದರೆ 100. ಡ್ಯಾಶ್‌ಬೋರ್ಡಿನಲ್ಲಿ ಇಡಲು ಒಂದು ನೋಟ್‌ಬುಕ್ ತಂದು, 1ರಿಂದ 86ರವರೆಗೆ ಗೆರೆ ಎಳೆದಿಟ್ಟಿದ್ದೇನೆ.