ನಜರ್‌ಬಾದಿನಲ್ಲಿ ನೆಲೆ: ವರ್ಗವಾಗಿ ಬಂದವನೂ ಅವನ ನಾಯಿಯೂ

ವರ್ಗಾವಣೆಯ ಆಜ್ಞೆ ಕೈಸೇರಿದ ಅಧ್ಯಾಪಕನು ಹೊಸ ಊರಿನಲ್ಲಿ ಮೊದಲು ವಿಚಾರಿಸುವುದು ಬಾಡಿಗೆಯನ್ನು, ಅನಂತರ ನೀರನ್ನು, ಆಮೇಲೆ ಮಕ್ಕಳ ಶಾಲೆಯನ್ನು. ತಾನು ನೆಲೆಸಲಿರುವ ಮೊಹಲ್ಲವು ಏಕೆ ಆ ರೂಪದಲ್ಲಿದೆ, ಅದರ ಬೀದಿಗಳು ಒಂದೆಡೆ ಅಷ್ಟು ಅಗಲವಾಗಿಯೂ ಮತ್ತೊಂದೆಡೆ ಅಷ್ಟು ಇಕ್ಕಟ್ಟಾಗಿಯೂ ಇರಲು ಕಾರಣವೇನು ಎಂಬ ಪ್ರಶ್ನೆಯನ್ನು ಇತಿಹಾಸದ ಅಧ್ಯಾಪಕನೂ ಕೇಳುವುದು ಅಪೂರ್ವ. ಆದರೆ ವಾಹನವನ್ನು ನೆಚ್ಚಿಕೊಳ್ಳದೆ ಕಾಲ್ನಡಿಗೆಯಲ್ಲಿ ಬದುಕಬೇಕೆನ್ನುವವನಿಗೆ, ಅದರಲ್ಲಿಯೂ ದಿನಕ್ಕೆ ಎರಡು ಬಾರಿ ತಪ್ಪದೆ ಹೊರಗೆ ಕರೆದೊಯ್ಯಬೇಕಾದ ನಾಯಿಯೊಂದು ಮನೆಯಲ್ಲಿರುವವನಿಗೆ, ಈ ಪ್ರಶ್ನೆಗೆ ದೊರೆಯುವ ಉತ್ತರವು ಬಹಳ ಉಪಯೋಗಕ್ಕೆ ಬರುತ್ತದೆ. ಮೈಸೂರಿನ ಪೂರ್ವಭಾಗದ ನಜರ್‌ಬಾದ್ ಮೊಹಲ್ಲವನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೇಖಕನೂ ಹೀಗೆಯೇ ವರ್ಗವಾಗಿ, ಮುದಿ ನಾಯಿಯೊಂದರೊಡನೆ, ಈ ನಗರಕ್ಕೆ ಬಂದವನು. ಆದುದರಿಂದ ವಿಷಯದಲ್ಲಿ ಅವನಿಗೆ ಸ್ವಾರ್ಥವಿಲ್ಲವೆಂದು ಹೇಳಲಾಗದು.

ನಜರ್‌ಬಾದಿನ ಹುಟ್ಟೇ ಒಂದು ಸ್ಥಳಾಂತರದ ಕಥೆ. ಟಿಪ್ಪು ಸುಲ್ತಾನನು 1787ರಲ್ಲಿ ಮೈಸೂರಿನ ಹಳೆಯ ಕೋಟೆಯನ್ನೂ ಪಟ್ಟಣವನ್ನೂ ಕೆಡವಿಸಿ, ಸುಮಾರು ಒಂದು ಮೈಲಿ ಪೂರ್ವಕ್ಕೆ, ಸ್ವಲ್ಪ ಎತ್ತರವಾದ ನೆಲದಲ್ಲಿ ಹೊಸದೊಂದು ಕೋಟೆಯನ್ನು ಕಟ್ಟಿಸತೊಡಗಿದನು. ಹಳೆಯ ಕೋಟೆಯ ಕಲ್ಲುಗಳೇ ಹೊಸದಕ್ಕೆ ಸಾಗಿದವು. ಅದಕ್ಕೆ ಅವನಿಟ್ಟ ಹೆಸರು ನಜರ್‌ಬಾದ್; ‘ನಜರ್’ ಎಂದರೆ ನೋಟ, ‘ಆಬಾದ್’ ಎಂದರೆ ಜನವಸತಿಯುಳ್ಳದ್ದು. ಎತ್ತರದ ನೆಲಕ್ಕೆ ಹೆಸರು ಒಪ್ಪುತ್ತದೆಯಾದರೂ ವಸತಿ ಮಾತ್ರ ಬೆಳೆಯಲಿಲ್ಲ. 1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಹಳೆಯ ಕೋಟೆಯನ್ನು ಮತ್ತೆ ಎಬ್ಬಿಸಬೇಕಾದಾಗ ನಜರ್‌ಬಾದಿನ ಕಲ್ಲುಗಳು ಬಂದ ದಾರಿಯಲ್ಲಿಯೇ ಹಿಂದಿರುಗಿದವು. ಬಿ. ಎಲ್. ರೈಸ್ ಅವರು ತಮ್ಮ ಗ್ಯಾಸೆಟಿಯರಿನಲ್ಲಿ ಈ ಸಂಗತಿಯನ್ನು ಹೇಳಿರುವರು. ಹನ್ನೆರಡು ವರ್ಷಗಳಲ್ಲಿ ಎರಡು ಬಾರಿ ವರ್ಗವಾದ ಕಲ್ಲುಗಳು ನೌಕರರ ಸಹಾನುಭೂತಿಗೆ ಪಾತ್ರವಾಗತಕ್ಕವು.

ಕಲ್ಲು ಹೋದ ಮೇಲೆ ಉಳಿದದ್ದು ಎತ್ತರದ, ಬಯಲಾದ, ಅರಮನೆಗೆ ಸಮೀಪವಾದ ನೆಲ. ಇಂತಹ ನೆಲ ಹೊಸ ಆಡಳಿತಕ್ಕೆ ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬ್ರಿಟಿಷ್ ರೆಸಿಡೆಂಟರ ಭವನವು ಈ ಕಡೆಯಲ್ಲಿ ಎದ್ದಿತು. ಇಂದು ಸರ್ಕಾರಿ ಅತಿಥಿಗೃಹವೆಂದು ಕರೆಯುವ, ವಿಸ್ತಾರವಾದ ತೋಟದ ನಡುವಿನ ಕಟ್ಟಡವೇ ಅದು. ಮುಂದಿನ ಎರಡು ಶತಮಾನಗಳಲ್ಲಿ ಒಂದರ ಮಗ್ಗುಲಲ್ಲಿ ಮತ್ತೊಂದು ಎಂಬಂತೆ ದೊಡ್ಡ ಆವರಣಗಳು ಸೇರಿಕೊಂಡವು. ಪೂರ್ವಕ್ಕೆ 1921ರಲ್ಲಿ ಆರಂಭವಾದ ಲಲಿತಮಹಲ್ ಅರಮನೆ ವೈಸರಾಯರ ವಾಸಕ್ಕೆಂದು ಉದ್ದೇಶಿತವಾದುದು. ಅದಕ್ಕೆ ಹೋಗುವ ರಸ್ತೆಯಲ್ಲಿ ಇಂದು ಆಡಳಿತ ತರಬೇತಿ ಸಂಸ್ಥೆಯಿದೆ. ಕಾರಂಜಿ ಮ್ಯಾನ್ಷನ್‌ನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ. ಚಾಮುಂಡಿ ವಿಹಾರ ಕ್ರೀಡಾಂಗಣ ಇಲ್ಲಿಯದೇ. ದಕ್ಷಿಣಕ್ಕೆ 1892ರಲ್ಲಿ ಸ್ಥಾಪಿತವಾದ ಮೃಗಾಲಯ, ಅದಕ್ಕೆ ಹೊಂದಿ ಕಾರಂಜಿ ಕೆರೆ. ರೆಸಿಡೆಂಟರಿಂದ ಮೊದಲ್ಗೊಂಡು ಇಂದಿನ ತರಬೇತಿಯ ಅಧಿಕಾರಿಗಳವರೆಗೆ, ಕೆಲಸದ ನಿಮಿತ್ತ ಬಂದು ಕೆಲಕಾಲವಿದ್ದು ಹೋಗುವವರು ಈ ಭಾಗಕ್ಕೆ ಎಂದೂ ಹೊಸಬರಲ್ಲ.

ಆದರೆ ನಜರ್‌ಬಾದ್ ಎಂದರೆ ಇಷ್ಟೇ ಅಲ್ಲ. ಈ ಆವರಣಗಳ ಎಡೆಯಲ್ಲಿ, ಮುಖ್ಯವಾಗಿ ಪೇಟೆಯ ಕಡೆಗೆ, ಹೆಂಚಿನ ಮನೆಗಳು, ಒಂದಕ್ಕೊಂದು ಆತುಕೊಂಡ ಗೋಡೆಗಳು, ದಿನಸಿ ಅಂಗಡಿ, ಸೈಕಲ್ ಷಾಪು, ಮಸೀದಿ, ಗುಡಿ, ಹಾಲಿನ ಬೂತುಗಳಿಂದ ಕೂಡಿದ ಓಣಿಗಳ ನಜರ್‌ಬಾದ್ ಒಂದುಂಟು. ಮೈಲಾರಿ ದೋಸೆಗಾಗಿ ದೂರದಿಂದ ಬರುವವರು ಕಾಣುವುದು ಇದನ್ನು. ಈ ಎರಡು ನಜರ್‌ಬಾದುಗಳ ವ್ಯತ್ಯಾಸವನ್ನು ತಿಳಿಯದೆ ಮನೆ ಹಿಡಿಯುವವನು ಒಂದಲ್ಲ ಒಂದು ಬಗೆಯಲ್ಲಿ ಮೋಸ ಹೋಗುತ್ತಾನೆ.

ಮೊದಲನೆಯ ನಜರ್‌ಬಾದು ನೋಟಕ್ಕೆ ರಮ್ಯ. ಹಳೆಯ ಮರಗಳು, ಅಗಲವಾದ ರಸ್ತೆ, ಬೆಳಗಿನ ಹೊತ್ತು ನೆರಳು ಮತ್ತು ನಿಶ್ಶಬ್ದ. ಮನೆ ಹುಡುಕಲು ಬಂದವನು ಭಾನುವಾರ ಬೆಳಿಗ್ಗೆ ಇಲ್ಲಿ ಒಮ್ಮೆ ಅಡ್ಡಾಡಿದರೆ ಮನಸೋಲುವುದು ಖಂಡಿತ. ಅದೇ ರಸ್ತೆಯಲ್ಲಿ ರಾತ್ರಿ ಎಂಟು ಗಂಟೆಗೆ ನಡೆದರೆ ಅವನಿಗೆ ಬೇರೊಂದು ಅನುಭವವಾಗುತ್ತದೆ. ಒಂದು ಪಕ್ಕದಲ್ಲಿ ಉದ್ದಕ್ಕೂ ಕಾಂಪೌಂಡು ಗೋಡೆ. ಬಾಗಿಲಿಲ್ಲ, ಕಿಟಕಿಯಿಲ್ಲ, ಅಂಗಡಿಯಿಲ್ಲ, ಎದುರಾಗುವ ಮನುಷ್ಯರಿಲ್ಲ. ವಾಹನಗಳು ಮಾತ್ರ ರಸ್ತೆ ಖಾಲಿಯೆಂದು ವೇಗವಾಗಿ ಸಾಗುತ್ತವೆ. ಅಮೆರಿಕದ ಜೇನ್ ಜೇಕಬ್ಸ್ ಅವರು 1961ರಲ್ಲಿ ಪ್ರಕಟಿಸಿದ ನಗರ ಕುರಿತ ಪ್ರಸಿದ್ಧ ಗ್ರಂಥದಲ್ಲಿ ಇಂತಹ ಅಂಚುಗಳನ್ನೇ ಒಂದು ಅಧ್ಯಾಯದಲ್ಲಿ ಚರ್ಚಿಸಿರುವರು. ಒಂದೇ ಉಪಯೋಗಕ್ಕೆ ಮೀಸಲಾದ ದೊಡ್ಡ ಆವರಣವು ತನ್ನ ಪಕ್ಕದ ಬೀದಿಯಿಂದ ಜನಸಂಚಾರವನ್ನು ಹೀರಿಬಿಡುತ್ತದೆ, ಸಂಚಾರವಿಲ್ಲದ ಬೀದಿ ಇನ್ನಷ್ಟು ನಿರ್ಜನವಾಗುತ್ತದೆ ಎಂಬುದು ಅವರ ವಾದದ ಸಾರ. ನ್ಯೂಯಾರ್ಕಿನಂತಹ ನಗರಗಳನ್ನು ನೋಡಿ ಹೇಳಿದ ಮಾತು ನಮ್ಮ ರೆಸಿಡೆನ್ಸಿಯ ಗೋಡೆಗೂ ಅನ್ವಯಿಸುತ್ತದೆ.

ಎರಡನೆಯ ನಜರ್‌ಬಾದಿನಲ್ಲಿ ಈ ದೋಷವಿಲ್ಲ. ಹಾಲು, ತರಕಾರಿ, ಔಷಧ, ಚಪ್ಪಲಿ ಹೊಲಿಯುವವನು ಎಲ್ಲವೂ ಐದಾರು ನಿಮಿಷಗಳ ನಡಿಗೆಯಲ್ಲಿ ದೊರೆಯುತ್ತವೆ. ಗ್ರಾಮಾಂತರ ಬಸ್ ನಿಲ್ದಾಣಕ್ಕೂ ನಡೆದು ಹೋಗಬಹುದು. ಆದರೆ ಓಣಿಯಲ್ಲಿ ಪಾದಚಾರಿಗೆಂದು ಪ್ರತ್ಯೇಕ ದಾರಿಯಿಲ್ಲ. ನಡೆಯುವ ಪಟ್ಟಿಯ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅದರ ಎತ್ತರ 150 ಮಿಲಿಮೀಟರನ್ನು ಮೀರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2012ರ ಮಾರ್ಗಸೂಚಿಯಲ್ಲಿ ವಿಧಿಸಿದೆ. ಓಣಿಯಲ್ಲಿ ಈ ಅಳತೆಯನ್ನು ಹುಡುಕುವುದು ವ್ಯರ್ಥ. ನಿಲ್ಲಿಸಿದ ಸ್ಕೂಟರುಗಳ ನಡುವೆ, ನಾಯಿಯ ಹಗ್ಗವನ್ನು ಗಿಡ್ಡವಾಗಿ ಹಿಡಿದು, ಎದುರಿನ ಆಟೋಗೆ ದಾರಿ ಬಿಟ್ಟು ನಡೆಯಬೇಕು.

ಇದರಿಂದ ಏನು ತಿಳಿದುಬರುತ್ತದೆ? ಮರಗಳ ನಜರ್‌ಬಾದನ್ನಾಗಲಿ ಅಂಗಡಿಗಳ ನಜರ್‌ಬಾದನ್ನಾಗಲಿ ಆರಿಸಿಕೊಳ್ಳಬಾರದು. ಇವೆರಡೂ ಕೂಡುವ ಅಂಚನ್ನು ಆರಿಸಬೇಕು. ಓಣಿಯ ಕೊನೆಯ ಮೂರು ನಾಲ್ಕು ಮನೆಗಳು, ಆವರಣದ ಗೋಡೆ ಎದುರಿಗೆ ಕಾಣುವ ತಿರುವು, ಇಂತಹ ಸ್ಥಳಗಳಲ್ಲಿ ವಾಸಿಸುವವನಿಗೆ ಒಂದು ಕಡೆ ನೆರಳಿನ ರಸ್ತೆಯೂ ಮತ್ತೊಂದು ಕಡೆ ಜನರ ಕಣ್ಣಿರುವ ಬೀದಿಯೂ ದೊರೆಯುತ್ತವೆ. ಬಾಡಿಗೆಯ ದಲ್ಲಾಳಿಗೆ ಈ ಭೇದ ತಿಳಿಯದು. ಅವನ ಲೆಕ್ಕದಲ್ಲಿ ಕೋಣೆಗಳು ಮಾತ್ರ ಇವೆ. ಆದುದರಿಂದ ಮನೆಯನ್ನು ನೋಡುವ ಮೊದಲು ಬೀದಿಯನ್ನು ನೋಡಬೇಕು, ಅದನ್ನು ಮೂರು ಹೊತ್ತಿನಲ್ಲಿ ನೋಡಬೇಕು: ಮುಂಜಾನೆ, ನಡುಹಗಲು, ದೀಪ ಹಚ್ಚಿದ ಮೇಲೆ. ನಡುಹಗಲಿನ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ. ಏಪ್ರಿಲ್ ತಿಂಗಳಿನಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನಿಟ್ಟು ಐದಾರು ಸೆಕೆಂಡು ತಡೆಯಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೂ ಸಲ್ಲದು. ಚಪ್ಪಲಿ ಮೆಟ್ಟಿದ ನಮಗೆ ಇದು ಹೊಳೆಯುವುದಿಲ್ಲ. ಹಾಗೆಯೇ ನಡಿಗೆಯ ಹಾದಿಯೆಂದು ಎಣಿಸಿದ ಹಸಿರೆಲ್ಲ ನಮ್ಮದಲ್ಲವೆಂಬುದನ್ನೂ ನೆನಪಿಡಬೇಕು. ಕಾರಂಜಿ ಕೆರೆಯ ಆವರಣವು ಮೃಗಾಲಯದ ಆಡಳಿತಕ್ಕೆ ಸೇರಿದ್ದು, ಪ್ರವೇಶಶುಲ್ಕವುಳ್ಳದ್ದು, ಹಕ್ಕಿಗಳ ನೆಲೆ. ಅಲ್ಲಿಗೆ ನಾಯಿಯನ್ನು ಕರೆದೊಯ್ಯುವ ಮಾತಿಲ್ಲ. ನಕ್ಷೆಯಲ್ಲಿ ನಜರ್‌ಬಾದಿನ ಸುತ್ತ ಕಾಣುವ ಹಸಿರಿನಲ್ಲಿ ಬಹುಭಾಗ ಈ ಬಗೆಯದು. ಉಳಿಯುವುದು ಗೋಡೆಯ ಹೊರಗಣ ಮರದ ನೆರಳು ಮಾತ್ರ, ಅದೂ ಕಡಮೆಯೇನಲ್ಲ.

ಇನ್ನು ಮನೆಯ ಮಾಲೀಕರ ವಿಷಯ. ಸ್ವರ್ಗದ ಬಾಗಿಲಲ್ಲಿ ಧರ್ಮರಾಯನಿಗೆ ಎದುರಾದ ಷರತ್ತೇ ಬಾಡಿಗೆಮನೆಯ ಬಾಗಿಲಲ್ಲಿ ಎದುರಾಗುತ್ತದೆ. “ಮೇಷ್ಟ್ರೇ, ನಿಮಗೆ ಕೊಡೋದಕ್ಕೆ ಅಭ್ಯಂತರವಿಲ್ಲ, ನಾಯಿ ಮಾತ್ರ ಬೇಡಿ” ಎಂಬ ಮಾತನ್ನು ಲೇಖಕನು ಏಳು ಮನೆಗಳಲ್ಲಿ ಕೇಳಿದನು. ಐದನೆಯದಾದ ಮೇಲೆ, ನಾಯಿಯನ್ನು ಊರಿನಲ್ಲಿ ಅಣ್ಣನ ಮನೆಗೆ ಕಳುಹಿಸಿಬಿಡುವುದೆಂಬ ಆಲೋಚನೆಯೂ ಬಂದಿತ್ತು. ಹನ್ನೊಂದು ವರ್ಷ ಜೊತೆಯಲ್ಲಿದ್ದ ಪ್ರಾಣಿಯ ವಿಷಯದಲ್ಲಿ ಹಾಗೆ ಯೋಚಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಕಾನೂನಿನ ಸ್ಥಿತಿ ಹೀಗಿದೆ: ನಿವಾಸಿಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸತಕ್ಕದ್ದಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಸೂಚನೆಗಳನ್ನು ಹೊರಡಿಸಿದೆ. ಆದರೆ ಸ್ವಂತ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವ ಗೃಹಸ್ಥರು ಯಾರಿಗೆ ಕೊಡಬೇಕೆಂಬುದು ಅವರ ಇಚ್ಛೆ. ಸುತ್ತೋಲೆಯನ್ನು ತೋರಿಸಿ ಮನೆ ಪಡೆಯಲಾಗದು. ನಾಯಿಯನ್ನು ಮುಚ್ಚಿಟ್ಟು ಮನೆ ಹಿಡಿಯುವುದಂತೂ ಕೂಡದು. ಅದನ್ನು ಜೊತೆಗೆ ಕರೆದೊಯ್ದು, ಹುಚ್ಚುನಾಯಿ ರೋಗದ ಲಸಿಕೆಯ ಪುಸ್ತಕವನ್ನು ತೋರಿಸಿ, ಬಾಡಿಗೆಯ ಕರಾರಿನಲ್ಲಿಯೇ ನಾಯಿಯ ಮಾತನ್ನು ಬರೆಯಿಸುವುದು ಲೇಸು. ಎಂಟನೆಯ ಮನೆಯ ಯಜಮಾನಿಯವರು ನಾಯಿಯನ್ನು ನೋಡಿದ ಮೇಲೆಯೇ ಒಪ್ಪಿದರು.

ಕನ್ನಡ ನಾಡಿಗೆ ನಾಯಿಯ ಗೌರವ ಹೊಸದಲ್ಲವೆಂಬುದನ್ನು ಇಲ್ಲಿ ಸೂಚಿಸದಿರಲಾಗದು. ಮೈಸೂರಿಗೆ ದೂರವಲ್ಲದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು ತಕ್ಕೋಲದ ಯುದ್ಧದ ವಿವರಕ್ಕಾಗಿ ವಿದ್ಯಾರ್ಥಿಗಳಿಗೆ ಪರಿಚಿತ. ಆ ಯುದ್ಧದಲ್ಲಿ ಮೆರೆದ ಮಣಲೇರನು ಗಂಗ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲಿನ ಪೂಜೆಗೆ ಭೂಮಿಯೂ ದತ್ತವಾಯಿತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮನೆಯ ಮಾಲೀಕರ ಮುಂದೆ ಈ ಆಧಾರವನ್ನು ಮಂಡಿಸಿ ಲೇಖಕನು ಯಾವ ಫಲವನ್ನೂ ಕಾಣಲಿಲ್ಲ.

ಸಾಕಿದ ನಾಯಿಗಿಂತ ಕಠಿಣವಾದ ಪ್ರಶ್ನೆ ಬೀದಿನಾಯಿಗಳದು. ಕಸದ ರಾಶಿ ಎಲ್ಲಿಯೋ ನಾಯಿಗಳ ಗುಂಪೂ ಅಲ್ಲಿಯೇ. ಮಾಂಸದಂಗಡಿ, ಹೋಟೆಲುಗಳ ಹಿಂಬದಿ, ಖಾಲಿ ನಿವೇಶನ ಇವುಗಳ ಬಳಿ ಪ್ರತಿಯೊಂದು ಗುಂಪಿಗೂ ತನ್ನ ಎಲ್ಲೆಯಿರುತ್ತದೆ. ಆ ಎಲ್ಲೆಯೊಳಕ್ಕೆ ಹೊಸ ನಾಯಿ ಕಾಲಿಟ್ಟರೆ ಕಲಹ ತಪ್ಪದು. 2001ರ ನಿಯಮಗಳ ಸ್ಥಾನದಲ್ಲಿ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದು. 2025ರ ನವೆಂಬರ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದೆಂದು ನಿರ್ದೇಶಿಸಿತು. ಮನೆ ಹುಡುಕುವವನು ನೋಡಬೇಕಾದ ಗುರುತು ಸಣ್ಣದು: ಚಿಕಿತ್ಸೆಯಾದ ನಾಯಿಯ ಕಿವಿಯ ತುದಿ ಸ್ವಲ್ಪ ಕತ್ತರಿಸಿರುತ್ತದೆ. ಒಂದು ಬೀದಿಯ ನಾಯಿಗಳಲ್ಲಿ ಹೆಚ್ಚಿನವಕ್ಕೆ ಈ ಗುರುತಿದ್ದರೆ ಅಲ್ಲಿ ಯಾರೋ ಹೊಣೆ ಹೊತ್ತಿರುವರೆಂದು ತಿಳಿಯಬಹುದು. ಕಚ್ಚಿದ ಪಕ್ಷದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣಗಳ ಉಪಚಾರದಿಂದ ಕಾಲಹರಣ ಮಾಡಕೂಡದು.

ನಜರ್‌ಬಾದು ಎಲ್ಲರಿಗೂ ಒಪ್ಪುವುದೆಂದು ಇದರ ಅರ್ಥವಲ್ಲ. ಮಾನಸಗಂಗೋತ್ರಿಯಲ್ಲಿ ಕೆಲಸವಿರುವವರಿಗೆ ಇದು ನಗರದ ವಿರುದ್ಧ ದಿಕ್ಕು. ಅವರು 1903ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಕಾಲದಿಂದ ಬೆಳೆದ ಪಶ್ಚಿಮದ ಬಡಾವಣೆಗಳನ್ನು ನೋಡುವುದು ಉಚಿತ. ಅಲ್ಲಿಯ ಪ್ರಶ್ನೆ ಗೋಡೆಯದಲ್ಲ, ಮನೆಗಳ ಹಿಂದಿನ ಕಸದ ಓಣಿಗಳದು. ಲೇಖಕನ ಕಾಲೇಜು ಪೂರ್ವಭಾಗದಲ್ಲಿರುವುದರಿಂದ ಅವನಿಗೆ ನಜರ್‌ಬಾದು ಒದಗಿಬಂದಿತು. ಮನೆ ಓಣಿಯ ಕೊನೆಯಿಂದ ಮೂರನೆಯದು. ಸಂಜೆ ಗೋಡೆಯ ಪಕ್ಕದಲ್ಲಿ ನಡೆದು ಹೋದರೆ ಕೊನೆಯ ಬೀದಿದೀಪದವರೆಗೆ ನಾಯಿ ಬರುತ್ತದೆ. ಅಲ್ಲಿ ನಿಂತು ಕತ್ತಲೆಯ ಕಡೆಗೆ ಒಮ್ಮೆ ಮೂಸಿ, ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡದೆ, ತಾನಾಗಿ ಹಾಲಿನ ಬೂತಿನ ಕಡೆಗೆ ತಿರುಗುತ್ತದೆ.