ಬಿಲ್ಲಿಂಗ್ ಕಂಪ್ಯೂಟರಿಗೆ ಇ-ಇನ್‌ವಾಯ್ಸ್ ಜೋಡಿಸುವಾಗ ಗಮನಿಸಬೇಕಾದ್ದು

ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್ ಕಡೆಯ ಕಂಪೆನಿಗಳಿಗೆ ಊಟ-ತಿಂಡಿ ಒದಗಿಸುವ ಸದಸ್ಯರಿಗೆ ಇ-ಇನ್‌ವಾಯ್ಸ್ ಹೊಸ ಮಾತಲ್ಲ. 2020ರ ಅಕ್ಟೋಬರ್ 1ರಂದು 500 ಕೋಟಿಗೂ ಮೀರಿದ ವಹಿವಾಟಿನವರಿಗೆ ಆರಂಭವಾದ ಈ ನಿಯಮ ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೂ ಬಂದಿದೆ. ಈ 5 ಕೋಟಿ ಒಂದು ಹೋಟೆಲಿನ ಲೆಕ್ಕವಲ್ಲ, ಪ್ಯಾನ್ ಲೆಕ್ಕ. ಕೊಚ್ಚಿಯಲ್ಲೊಂದು, ತಿರುವನಂತಪುರದಲ್ಲೊಂದು, ಬೆಂಗಳೂರಿನಲ್ಲೊಂದು ಹೋಟೆಲು ಒಂದೇ ಪ್ಯಾನಿನಲ್ಲಿದ್ದರೆ ಮೂರರದ್ದೂ ಕೂಡಿಸಬೇಕು. 2017-18ರಿಂದೀಚೆಗೆ ಯಾವುದಾದರೂ ಒಂದು ಹಿಂದಿನ ವರ್ಷ ಮಿತಿ ದಾಟಿದ್ದರೂ ಸಾಕು, ನಿಯಮ ಅನ್ವಯಿಸುತ್ತದೆ.

ಗಲ್ಲಾದಲ್ಲಿ ಕಾಸು ಕೊಟ್ಟು ಮಸಾಲೆ ದೋಸೆ ತಿಂದು ಹೋಗುವ ಗಿರಾಕಿಗೆ ಇದರ ಗೊಡವೆ ಇಲ್ಲ. ಬಿಲ್ಲಿನಲ್ಲಿ ತನ್ನ ಜಿಎಸ್‌ಟಿ ನಂಬರ್ ಹಾಕಿಸಿಕೊಳ್ಳುವ ಕಂಪೆನಿಯ ಬಿಲ್ಲಿಗೆ ಮಾತ್ರ ಬೇಕು. ಅಂಥ ಬಿಲ್ಲು ನೋಂದಣಿಯಾಗದಿದ್ದರೆ ಕಾನೂನಿನಲ್ಲಿ ಅದು ಬಿಲ್ಲೇ ಅಲ್ಲ. ಕಂಪೆನಿಯ ಅಕೌಂಟ್ಸ್ ವಿಭಾಗ ಹಣ ತಡೆದರೆ ನಾವು ವಾದಿಸುವಂತಿಲ್ಲ.

ತಿಂಗಳಿಗೆ ಹತ್ತು ಬಿಲ್ಲಿದ್ದರೆ ಪೋರ್ಟಲಿನಲ್ಲಿ ಕೈಯಿಂದಲೇ ತುಂಬಬಹುದು, ಅದಕ್ಕೆ ಸಾಫ್ಟ್‌ವೇರ್ ಖರ್ಚು ಬೇಡವೆಂದೇ ನಮ್ಮ ಅಭಿಪ್ರಾಯ. ದಿನಕ್ಕೆ ಹತ್ತಿದ್ದರೆ ಗಲ್ಲಾದ ಕಂಪ್ಯೂಟರಿನ ಪ್ರೋಗ್ರಾಮೇ ಸರ್ಕಾರದ ಕಂಪ್ಯೂಟರನ್ನು ಕೇಳುವಂತೆ ಮಾಡಿಸಬೇಕು. ಇದಕ್ಕೆ ವೆಬ್ ಸರ್ವಿಸ್ ಎನ್ನುತ್ತಾರೆ. ಅಡುಗೆಮನೆಯ ಕಿಟಕಿ ಇದ್ದ ಹಾಗೆ: ಮಾಣಿ ಒಳಗೆ ಹೋಗುವುದಿಲ್ಲ, ಭಟ್ಟರು ಓದುವಂತೆ ಬರೆದ ಚೀಟಿ ಒಳಗೆ ಕೊಡುತ್ತಾನೆ, ತಟ್ಟೆ ಹೊರಗೆ ಬರುತ್ತದೆ. ಇಲ್ಲಿ ಚೀಟಿಯೆಂದರೆ ಜೆಸನ್ ಎಂಬ ನಿಗದಿತ ಮಾದರಿಯ ಬರಹ. ಅದರಲ್ಲಿ ಎರಡೂ ಕಡೆಯ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಸೇವೆಯ ಕೋಡ್, ತೆರಿಗೆ, ಪಿನ್‌ಕೋಡ್ ಇರಬೇಕು. ಪಿನ್‌ಕೋಡ್ ರಾಜ್ಯಕ್ಕೆ ಹೊಂದದಿದ್ದರೆ ಚೀಟಿ ಹಿಂದಕ್ಕೆ ಬರುತ್ತದೆ. ಸರಿಯಿದ್ದರೆ 64 ಅಕ್ಷರಗಳ ಐಆರ್‌ಎನ್ ಎಂಬ ನಂಬರೂ ಸಹಿಯಾದ ಕ್ಯೂಆರ್ ಸಂಕೇತವೂ ಬರುತ್ತವೆ. ಪ್ರೋಗ್ರಾಮು ಅವನ್ನು ಉಳಿಸಿಕೊಂಡು ಕ್ಯೂಆರನ್ನು ಬಿಲ್ಲಿನ ಮೇಲೆ ಅಚ್ಚು ಹಾಕುತ್ತದೆ.

ಎರಡು ಊರಿನಲ್ಲಿ ಹೋಟೆಲು ಇರುವವರು ಇಲ್ಲೊಂದು ಕಡೆ ಎಚ್ಚರವಾಗಿರಬೇಕು. ಐಆರ್‌ಎನ್ ತಯಾರಾಗುವುದು ನಾಲ್ಕೇ ವಿವರಗಳಿಂದ: ನಮ್ಮ ಜಿಎಸ್‌ಟಿ ನಂಬರ್, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ ನಂಬರ್. ಗಿರಾಕಿಯ ಹೆಸರಾಗಲಿ ಮೊತ್ತವಾಗಲಿ ಅದರಲ್ಲಿ ಸೇರುವುದಿಲ್ಲ. ಕೊಚ್ಚಿಯೂ ತಿರುವನಂತಪುರವೂ ಕೇರಳದ 32ರಿಂದ ಆರಂಭವಾಗುವ ಒಂದೇ ನೋಂದಣಿಯಲ್ಲಿದ್ದು, ಎರಡೂ ಕಂಪ್ಯೂಟರು ತಮ್ಮಷ್ಟಕ್ಕೆ 101ನೇ ಬಿಲ್ಲು ಹೊರಡಿಸಿದರೆ, ಎರಡನೆಯದು ನಕಲು ಎಂದು ತಿರಸ್ಕೃತವಾಗುತ್ತದೆ. ಬೆಂಗಳೂರಿನ ಶಾಖೆಗೆ ಈ ತೊಂದರೆಯಿಲ್ಲ, ಅದರ ನಂಬರ್ 29ರಿಂದ ಆರಂಭ. ಆದ್ದರಿಂದ ಏಪ್ರಿಲ್ 1ಕ್ಕೇ ಎರಡು ಸರಣಿ ಮಾಡಿಬಿಡಿ. ಒಂದಕ್ಕೆ ಮುಂದೆ ಇಂಗ್ಲಿಷಿನ ಕೆ, ಇನ್ನೊಂದಕ್ಕೆ ಟಿ ಸಾಕು. ಒಟ್ಟು 16 ಅಕ್ಷರ ಮೀರಬಾರದು, ಸೊನ್ನೆಯಿಂದ ಆರಂಭವಾಗಬಾರದು. ದೊಡ್ಡಕ್ಷರ, ಸಣ್ಣಕ್ಷರ ಎಂದು ಬೇರೆ ಮಾಡಿ ಉಪಯೋಗವಿಲ್ಲ, 2025ರ ಜೂನ್ 1ರಿಂದ ಎರಡನ್ನೂ ಒಂದೇ ಎಂದು ಎಣಿಸಲಾಗುತ್ತಿದೆ.

ಇನ್ನು ಮಳೆಗಾಲದ ಸಮಸ್ಯೆ. ಚೀಟಿ ಒಳಗೆ ಹೋಯಿತು, ಉತ್ತರ ಬರುವ ಮುಂಚೆ ನೆಟ್ ಹೋಯಿತು. ಪರದೆಯ ಮೇಲೆ ಎರರ್ ಕಂಡು ಕ್ಯಾಷಿಯರ್ ಹೊಸ ನಂಬರಿನಲ್ಲಿ ಇನ್ನೊಂದು ಬಿಲ್ಲು ಹಾಕುತ್ತಾನೆ. ಹಳೆಯದು ಅಲ್ಲಿ ಆಗಲೇ ನೋಂದಣಿಯಾಗಿರಬಹುದು! ಆಗ ಒಂದು ಊಟಕ್ಕೆ ಎರಡು ಬಿಲ್ಲು, ಎರಡು ತೆರಿಗೆ. ಪೋರ್ಟಲಿನಲ್ಲಿ ರದ್ದು ಮಾಡಲು ಇರುವುದು 24 ಗಂಟೆ ಮಾತ್ರ. ರದ್ದಾದ ನಂಬರನ್ನು ಮತ್ತೆ ಬಳಸುವಂತಿಲ್ಲ. ಸರಿಯಾದ ಕ್ರಮವೆಂದರೆ ಅದೇ ನಂಬರಿನ ಚೀಟಿಯನ್ನೇ ಮತ್ತೆ ಕಳಿಸುವುದು. ಮೊದಲು ಹೋಗಿಲ್ಲದಿದ್ದರೆ ಈಗ ಆಗುತ್ತದೆ. ಹೋಗಿದ್ದರೆ ನಕಲು ಎಂಬ ಉತ್ತರ ಬರುತ್ತದೆ. ಆಗ ಬಿಲ್ ನಂಬರ್, ತಾರೀಕು ಕೊಟ್ಟು ಹಳೆಯ ಐಆರ್‌ಎನ್ ಕೇಳಿ ಪಡೆಯುವ ಸೌಲಭ್ಯವೂ ಇದೆ. ಅದನ್ನು ಕೂಡಲೇ ಕೇಳಬೇಕು, ತಿಂಗಳ ಕೊನೆಗೆ ಬಿಡಬಾರದು. 10 ಕೋಟಿ ಮತ್ತು ಹೆಚ್ಚಿನ ವಹಿವಾಟಿನವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ತಾರೀಕಿನಿಂದ 30 ದಿನದೊಳಗೆ ನೋಂದಾಯಿಸದಿದ್ದರೆ ಪೋರ್ಟಲ್ ತೆಗೆದುಕೊಳ್ಳುವುದೇ ಇಲ್ಲ.

ಟೆಕ್ ಪಾರ್ಕುಗಳಿಗೆ ಸಂಬಂಧಿಸಿ ಇನ್ನೊಂದು ವಿಷಯ. ಎರಡೂ ಪಾರ್ಕುಗಳಲ್ಲಿ ವಿಶೇಷ ಆರ್ಥಿಕ ವಲಯದ ಭಾಗಗಳಿವೆ. ಆ ವಲಯದ ಕಂಪೆನಿಗೆ ಮಾಡುವ ಪೂರೈಕೆಯನ್ನು ಪಕ್ಕದ ರಸ್ತೆಯಿಂದ ಹೋದರೂ ಅಂತರರಾಜ್ಯ ಎಂದೇ ಕಾನೂನು ಎಣಿಸುತ್ತದೆ, ಚೀಟಿಯಲ್ಲಿ ಅದಕ್ಕೆ ಬೇರೆ ಸಂಕೇತವಿದೆ. ಅಂಥ ಗಿರಾಕಿಯನ್ನು ಮೊದಲ ಆರ್ಡರಿಗೇ ಕೇಳಿ ಗುರುತು ಹಾಕಿಟ್ಟುಕೊಳ್ಳಿ; ತೆರಿಗೆ ಹಾಕುವ ಬಗೆಯನ್ನು ತಮ್ಮ ಆಡಿಟರ್ ನಿರ್ಧರಿಸಲಿ.

ಸಾಫ್ಟ್‌ವೇರ್‌ನವರು ಬಂದಾಗ ಪರೀಕ್ಷೆಗೆಂದೇ ಇರುವ ಸ್ಯಾಂಡ್‌ಬಾಕ್ಸಿನಲ್ಲಿ ಮೊದಲು ಮಾಡಿ ತೋರಿಸಲು ಹೇಳಿ. ಚೀಟಿ ಕಳಿಸಿದ ಕೂಡಲೇ ನೆಟ್ ವಯರ್ ಕಿತ್ತು, ಮತ್ತೆ ಚುಚ್ಚಿ, ಒಂದೇ ಬಿಲ್ಲು ಉಳಿಯಿತೇ ಎಂದು ತಾವೇ ನೋಡಿ. ಆಮೇಲೆ ಹಣ ಕೊಡಿ.